ಪೂರ್ವ ಎಡಕ್ಕಿರುವ ದಿಕ್ಸೂಚಿಯ ಚಿತ್ರ ತಪ್ಪೇ?

ಪ್ರಶ್ನೆ: ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಯು.ಪಿ. ವಿಭಾಗದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ದಿಕ್ಕು ಮತ್ತು ದಿಕ್ಸೂಚಿಯ ಕುರಿತು 16 ಪುಟಗಳ ಚಟುವಟಿಕೆ ಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚಿತ್ರಗಳನ್ನು ಅಂತರ್ಜಾಲದಿಂದ ಆರಿಸಿದ್ದೆ. ಕರಡನ್ನು ನೋಡಿದ ನಮ್ಮ ಗಣಿತದ ಮಾಸ್ತರರು ಮೂರು ಚಿತ್ರಗಳನ್ನು ತಪ್ಪೆಂದು ಹೊಡೆದುಹಾಕಿದ್ದಾರೆ. ಒಂದು ಹಿತ್ತಾಳೆಯ ದಿಕ್ಸೂಚಿ. ಅದರಲ್ಲಿ ಉತ್ತರ ಮೇಲಿದೆ, ಆದರೆ ಪೂರ್ವದ ಅಕ್ಷರ ಎಡಗಡೆಗೂ ಪಶ್ಚಿಮದ ಅಕ್ಷರ ಬಲಗಡೆಗೂ ಇದೆ. ಎರಡನೆಯದರಲ್ಲಿ ಸೂಜಿಯ ಕೆಂಪು ತುದಿ ಈಶಾನ್ಯದ ಗುರುತಿನ ಮೇಲೆ ನಿಂತಿದೆ. ಮೂರನೆಯದು ಭೂಮಿಯೊಳಗೆ ಅಯಸ್ಕಾಂತವೊಂದನ್ನು ಇಟ್ಟಂತೆ ತೋರಿಸುವ ಚಿತ್ರ. ಅದರಲ್ಲಿ ಭೂಮಿಯ ಉತ್ತರ ಧ್ರುವದ ಕಡೆಗೆ 'ದ' ಎಂದು ಬರೆದಿದೆ. ನಾಲ್ಕನೆಯದಾದ ಚೀನೀಯರ ಚಮಚದಾಕಾರದ ದಿಕ್ಸೂಚಿ ಮಾತ್ರ ಸರಿಯಿದೆಯೆಂದು ಉಳಿಸಿದ್ದಾರೆ. ಮೂರನ್ನೂ ತೆಗೆಯಬೇಕೇ? ನಂಬಬಹುದಾದ ಚಿತ್ರವನ್ನು ಗುರುತಿಸುವುದು ಹೇಗೆ? ಪುಸ್ತಿಕೆಯನ್ನು ಕಪ್ಪುಬಿಳುಪಿನಲ್ಲಿ ಝೆರಾಕ್ಸ್ ಮಾಡಿಸಿ ಹಂಚುತ್ತೇವೆ.

ಉತ್ತರ: ನೀವು ಬರೆದ ವಿವರಗಳಿಂದ ನೋಡಿದರೆ, ಹೊಡೆದುಹಾಕಿದ ಮೂರು ಚಿತ್ರಗಳೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಉಳಿಸಿಕೊಂಡ ನಾಲ್ಕನೆಯ ಚಿತ್ರಕ್ಕೇ ಹೆಚ್ಚಿನ ಎಚ್ಚರಿಕೆ ಬೇಕು. ಇದರಲ್ಲಿ ನಿಮ್ಮ ಮಾಸ್ತರರ ದೋಷವೇನೂ ಇಲ್ಲ. ಅಷ್ಟು ಸೂಕ್ಷ್ಮವಾಗಿ ಕರಡನ್ನು ನೋಡುವವರು ಸಿಗುವುದೇ ಅಪರೂಪ. ಅವರು ಎಲ್ಲ ದಿಕ್ಸೂಚಿಗಳನ್ನೂ ಒಂದೇ ಬಗೆಯ ಉಪಕರಣವೆಂದು ಭಾವಿಸಿದ್ದಾರೆ. ಹೆಚ್ಚಿನ ಪುಸ್ತಕಗಳೂ ಹಾಗೆಯೇ ಭಾವಿಸಿರುತ್ತವೆ.

ನಾನು ಮೊದಲು ಪಾಲಿಟೆಕ್ನಿಕ್‌ನಲ್ಲಿ ಸರ್ವೆ ಕಲಿಸಿದವನು, ಆಮೇಲೆ ಹಲವು ವರ್ಷ ಶಾಲಾ ಪುಸ್ತಕಗಳ ವಿಜ್ಞಾನದ ಚಿತ್ರಗಳನ್ನು ಪರಿಶೀಲಿಸಿದವನು. ದಿಕ್ಸೂಚಿಯ ಯಾವುದೇ ಚಿತ್ರ ಮುಂದೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಈ ಉಪಕರಣದಲ್ಲಿ ಸ್ವತಂತ್ರವಾಗಿ ತಿರುಗುವುದು ಯಾವುದು, ನಮ್ಮ ಕೈಯೊಂದಿಗೆ ತಿರುಗುವುದು ಯಾವುದು? ಶಾಲೆಯ ಪ್ರಯೋಗಶಾಲೆಯಲ್ಲಿರುವ ಪುಟ್ಟ ದಿಕ್ಸೂಚಿಯಲ್ಲಿ ಸೂಜಿ ಮಾತ್ರ ಸ್ವತಂತ್ರ. ಅಕ್ಷರ ಬರೆದ ತಳ ಪೆಟ್ಟಿಗೆಗೆ ಅಂಟಿಕೊಂಡಿರುತ್ತದೆ. ದೋಣಿಗಳಲ್ಲಿರುವ ಬಟ್ಟಲಿನಾಕಾರದ ದಿಕ್ಸೂಚಿಯಲ್ಲಿ ಕಾಂತಗಳು ದಿಕ್ಕು ಬರೆದ ತಟ್ಟೆಯ ಅಡಿಗೆ ಅಂಟಿರುವುದರಿಂದ ಇಡೀ ತಟ್ಟೆಯೇ ತೇಲುತ್ತಾ ತಿರುಗುತ್ತದೆ. ಅಲ್ಲಿ ಪ್ರತ್ಯೇಕ ಸೂಜಿಯೇ ಕಾಣುವುದಿಲ್ಲ. ಸರ್ವೆಯವರ ದಿಕ್ಸೂಚಿಯಲ್ಲಿ ಸೂಜಿ ಸ್ವತಂತ್ರವಾಗಿದ್ದರೂ ಅಂಕಗಳಿರುವ ಬಳೆ, ಗುರಿಯನ್ನು ನೋಡಲೆಂದು ಇರುವ ನೋಟದ ಪಟ್ಟಿಗಳ ಜೊತೆಗೆ ತಿರುಗುತ್ತದೆ. ಚಿತ್ರವು ಇವುಗಳಲ್ಲಿ ಯಾವುದರದ್ದೆಂದು ತಿಳಿಯದೆ ಅದನ್ನು ಸರಿ ಅಥವಾ ತಪ್ಪು ಎನ್ನಲು ಬರುವುದಿಲ್ಲ.

ಈಗ ನಿಮ್ಮ ಮೊದಲನೆಯ ಚಿತ್ರಕ್ಕೆ ಬರೋಣ. ಪೂರ್ವ ಎಡಕ್ಕೂ ಪಶ್ಚಿಮ ಬಲಕ್ಕೂ ಇರುವ ಹಿತ್ತಾಳೆಯ ಉಪಕರಣವೆಂದರೆ ಅದು ಬಹುಮಟ್ಟಿಗೆ ಸರ್ವೆಯವರ ದಿಕ್ಸೂಚಿ. ಭೂವಿಜ್ಞಾನಿಗಳು ಬಂಡೆಯ ಓರೆಯನ್ನು ಅಳೆಯಲು ಬಳಸುವ ಬ್ರಂಟನ್ ಕಂಪಾಸ್‌ನಲ್ಲಿಯೂ ಹೀಗೆಯೇ ಇರುತ್ತದೆ. ಇದು ಅಚ್ಚಿನ ತಪ್ಪಲ್ಲ, ಬುದ್ಧಿವಂತಿಕೆಯ ಏರ್ಪಾಡು. ಉಪಕರಣವನ್ನು ಹಿಡಿದು ಉತ್ತರಕ್ಕೆ ಮುಖಮಾಡಿ ನಿಂತಿದ್ದೀರೆಂದು ಊಹಿಸಿ. ಸೂಜಿಯ ಉತ್ತರ ತುದಿ ಉತ್ತರದ ಅಕ್ಷರದ ಮೇಲಿರುತ್ತದೆ. ಈಗ ಪೂರ್ವದಲ್ಲಿರುವ ಒಂದು ತೆಂಗಿನ ಮರವನ್ನು ನೋಡಲು ಬಲಕ್ಕೆ ತಿರುಗುತ್ತೀರಿ. ಪೆಟ್ಟಿಗೆಯೂ ಅಂಕಗಳ ಬಳೆಯೂ ನಿಮ್ಮೊಂದಿಗೆ ತಿರುಗಿದವು, ಸೂಜಿ ಮಾತ್ರ ಉತ್ತರವನ್ನು ಬಿಡಲಿಲ್ಲ. ನಿಮ್ಮ ನೋಟದ ಗೆರೆಯಿಂದ ನೋಡಿದರೆ ಅದು ಈಗ ಎಡಗಡೆಗೆ ನಿಂತಿದೆ. ಆ ಎಡಗಡೆಯಲ್ಲಿ 'ಪಶ್ಚಿಮ' ಎಂದು ಬರೆದಿದ್ದರೆ, ಪೂರ್ವದ ಮರವನ್ನು ನೋಡುತ್ತಾ ಪಶ್ಚಿಮವೆಂದು ಓದಬೇಕಾಗುತ್ತಿತ್ತು. ಅಕ್ಷರಗಳನ್ನು ಅದಲುಬದಲು ಮಾಡಿದ್ದರಿಂದ ಸೂಜಿಯ ತುದಿ ತೋರಿಸುವ ಅಕ್ಷರವೇ ನೀವು ನೋಡುತ್ತಿರುವ ದಿಕ್ಕಾಗುತ್ತದೆ. ಬಳೆಯು ಸೂಜಿಗೇ ಅಂಟಿಕೊಂಡಿದ್ದು, ನೋಡುವವರ ಕಡೆಯ ತುದಿಯಲ್ಲಿ ಅಂಕಿಯನ್ನು ಓದಬೇಕಾದ್ದರಿಂದ ಪ್ರಿಸ್ಮ್ಯಾಟಿಕ್ ಕಂಪಾಸ್‌ನಲ್ಲಿ ಸೊನ್ನೆಯು ಬಳೆಯ ದಕ್ಷಿಣ ತುದಿಯಲ್ಲಿದ್ದು, ಪಶ್ಚಿಮದಲ್ಲಿ 90, ಉತ್ತರದಲ್ಲಿ 180, ಪೂರ್ವದಲ್ಲಿ 270 ಇರುತ್ತವೆ. ಪ್ರಿಸ್ಮ್‌ನ ಮೂಲಕ ಓದುವವರಿಗೆ ನೆಟ್ಟಗೆ ಕಾಣಲೆಂದು ಅಂಕಿಗಳನ್ನೂ ತಿರುಗುಮುರುಗಾಗಿಯೇ ಕೆತ್ತಿರುತ್ತಾರೆ.

ಆದರೆ ಪೂರ್ವ ಎಡಕ್ಕಿರುವ ಚಿತ್ರಗಳೆಲ್ಲವೂ ಸರ್ವೆಯವರದ್ದೇ ಎಂದುಕೊಳ್ಳುವುದೂ ಅಪಾಯ. ಪುಟದ ವಿನ್ಯಾಸಕ್ಕೆ ಹೊಂದಲೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಅಭ್ಯಾಸ ವಿನ್ಯಾಸಕಾರರಲ್ಲಿದೆ. ನಾನು ಪರಿಶೀಲಿಸಿದ ಒಂದು ಪುಸ್ತಿಕೆಯಲ್ಲಿ ಹೀಗೆ ತಿರುಗಿಸಿದ ಮೇಲೆ, ಅಕ್ಷರಗಳು ಉಲ್ಟಾ ಕಂಡವೆಂದು ಅವುಗಳನ್ನು ಅಳಿಸಿ ಅದೇ ಸ್ಥಳದಲ್ಲಿ ಹೊಸ ಅಕ್ಷರಗಳನ್ನು ನೆಟ್ಟಗೆ ಕೂರಿಸಿದ್ದರು. ತಪ್ಪಿನ ಸುಳಿವೇ ಉಳಿದಿರಲಿಲ್ಲ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಏರಬೇಕಾದ ಅಂಕಿಗಳು ಎದುರು ದಿಕ್ಕಿನಲ್ಲಿ ಏರುತ್ತಿದ್ದುದನ್ನು ನೋಡಿ ಅದನ್ನು ಹಿಡಿಯಬೇಕಾಯಿತು. ನಿಮ್ಮ ಚಿತ್ರದಲ್ಲಿ ಪೆಟ್ಟಿಗೆಯ ಎರಡು ತುದಿಗಳಲ್ಲಿ ಎದ್ದುನಿಂತ, ನಡುವೆ ಸೀಳಿರುವ ನೋಟದ ಪಟ್ಟಿಗಳಿವೆಯೇ ನೋಡಿ. ಅಂಕಿಗಳು ಉತ್ತರ ಮತ್ತು ದಕ್ಷಿಣಗಳಲ್ಲಿ ಸೊನ್ನೆಯಿಂದ ತೊಡಗಿ ಎರಡೂ ಪಕ್ಕಗಳಿಗೆ 90ರವರೆಗೆ ಏರುತ್ತವೆಯೇ ನೋಡಿ. ಎರಡೂ ಇದ್ದರೆ ಅದು ಸರ್ವೆಯ ಉಪಕರಣವೇ. ಅವು ಇಲ್ಲದೆ, ಮುಚ್ಚಳವಿರುವ ಜೇಬಿನ ದಿಕ್ಸೂಚಿಯಲ್ಲಿ ಪೂರ್ವ ಎಡಕ್ಕಿದ್ದರೆ ಸಂದೇಹಪಡಬೇಕು. ಇನ್ನು, ಚಿತ್ರ ಸರಿಯಾಗಿದ್ದ ಮಾತ್ರಕ್ಕೆ ನಿಮ್ಮ ಪಾಠಕ್ಕೆ ಒಗ್ಗುತ್ತದೆಂದಿಲ್ಲ. ಐದನೆಯ ತರಗತಿಯ ಮಗುವಿಗೆ ಮೊದಲ ಪುಟದಲ್ಲಿ ಇದನ್ನು ತೋರಿಸಬೇಡಿ. ಏಳನೆಯ ತರಗತಿಯವರಿಗೆ 'ಇದು ಹೀಗೇಕಿದೆ?' ಎಂಬ ಪ್ರಶ್ನೆಯೊಂದಿಗೆ ಕೊನೆಯ ಪುಟದಲ್ಲಿ ಕೊಟ್ಟರೆ ಇದರಷ್ಟು ಒಳ್ಳೆಯ ಚಿತ್ರ ಇನ್ನೊಂದು ಸಿಗದು.

ಎರಡನೆಯ ಚಿತ್ರದಲ್ಲಿ ಸೂಜಿ ಈಶಾನ್ಯದ ಗುರುತಿನ ಮೇಲಿರುವುದು ತಪ್ಪೆಂಬ ಭಾವನೆ ಬಹಳ ವ್ಯಾಪಕವಾಗಿದೆ. ಸೂಜಿ ಹುಡುಕುವುದು ಉತ್ತರವನ್ನು, ಉತ್ತರವೆಂದು ಬರೆದ ಅಕ್ಷರವನ್ನಲ್ಲ. ದಿಕ್ಸೂಚಿಯನ್ನು ಮೇಜಿನ ಮೇಲೆ ಹೇಗೆಂದರೆ ಹಾಗೆ ಇಟ್ಟರೆ ಅಕ್ಷರಗಳು ಎಲ್ಲೆಲ್ಲಿಗೋ ಮುಖಮಾಡಿರುತ್ತವೆ. ಪೆಟ್ಟಿಗೆಯನ್ನು ತಿರುಗಿಸಿ ಉತ್ತರದ ಗುರುತನ್ನು ಸೂಜಿಯ ತುದಿಗೆ ಹೊಂದಿಸಿದ ಮೇಲೆಯೇ ಉಳಿದ ದಿಕ್ಕುಗಳನ್ನು ಓದಬೇಕು. ಆದ್ದರಿಂದ ಆ ಚಿತ್ರ 'ಹೊಂದಿಸುವ ಮೊದಲು' ಎಂಬ ಹಂತದ್ದಾಗಿ ಸರಿ, 'ಓದುವಾಗ' ಎಂಬ ಹಂತದ್ದಾಗಿ ತಪ್ಪು. ಅದನ್ನು ಒಂಟಿಯಾಗಿ ಅಚ್ಚುಮಾಡದೆ, ಹೊಂದಿಸಿದ ಮೇಲಿನ ಚಿತ್ರವನ್ನೂ ಪಕ್ಕದಲ್ಲಿಟ್ಟು ಜೋಡಿಯಾಗಿ ಕೊಡಿ. ಸೂಜಿ ಯಾವಾಗಲೂ ಅಕ್ಷರದ ಮೇಲೆಯೇ ಅಚ್ಚುಕಟ್ಟಾಗಿ ಕುಳಿತಿರುವ ಚಿತ್ರಗಳನ್ನಷ್ಟೇ ನೋಡಿ ಬೆಳೆದ ಮಗು, ನಿಜವಾದ ದಿಕ್ಸೂಚಿ ಕೈಗೆ ಸಿಕ್ಕಾಗ ಅದು ಕೆಟ್ಟುಹೋಗಿದೆಯೆಂದು ತಿಳಿಯುತ್ತದೆ. ಇದನ್ನು ನಾನು ತರಗತಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ವಿಷಯ ಎರಡು ಉತ್ತರಗಳದ್ದು. ಸೂಜಿಯ ಉತ್ತರಕ್ಕೂ ಭೂಗೋಳದ ನಿಜವಾದ ಉತ್ತರಕ್ಕೂ ನಡುವಿನ ಕೋನವನ್ನು ದಿಕ್ಪಾತ ಎನ್ನುತ್ತೇವೆ. ಅಮೆರಿಕದ ಕೆಲವು ಭಾಗಗಳಲ್ಲಿ ಅದು 15 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಅಲ್ಲಿಯ ಪುಸ್ತಕಗಳ ಚಿತ್ರಗಳಲ್ಲಿ ಎರಡು ಬಾಣಗಳು ಢಾಳಾಗಿ ಬೇರ್ಪಟ್ಟು ಕಾಣುತ್ತವೆ. ಕಾಸರಗೋಡಿನಲ್ಲಿ ಈಗ ಅದು ಪಶ್ಚಿಮಕ್ಕೆ ಒಂದೆರಡು ಡಿಗ್ರಿ ಮಾತ್ರ, ಮಕ್ಕಳ ದಿಕ್ಸೂಚಿಯಲ್ಲಿ ಗುರುತಿಸಲಾಗದಷ್ಟು ಸಣ್ಣದು. ಆ ಅಮೆರಿಕದ ಚಿತ್ರವನ್ನು ಹಾಗೆಯೇ ತಂದು ಹಾಕಿದರೆ ಮಗು ಇಲ್ಲದ ವ್ಯತ್ಯಾಸವನ್ನು ಹುಡುಕುತ್ತಾ ಕೂರುತ್ತದೆ. ಸೂಜಿಯ ಬಾಗುವಿಕೆಯ ಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಲಂಡನ್ನಿನಲ್ಲಿ ಸ್ವತಂತ್ರವಾಗಿ ತೂಗುವ ಕಾಂತಸೂಜಿ 65 ಡಿಗ್ರಿಗೂ ಹೆಚ್ಚು ಕೆಳಕ್ಕೆ ಬಾಗುತ್ತದೆ. ನಮ್ಮಲ್ಲಿ ಬಾಗುವುದು ಸ್ವಲ್ಪವೇ, ಏಕೆಂದರೆ ಸೂಜಿ ಬಾಗದೆ ಸಮತಲವಾಗಿ ನಿಲ್ಲುವ ಕಾಂತೀಯ ಸಮಭಾಜಕ ರೇಖೆ ನಮ್ಮ ಕೇರಳದ ದಕ್ಷಿಣ ತುದಿಯ ಸಮೀಪದಲ್ಲಿ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಭಾರತದ ಮೊದಲ ರಾಕೆಟನ್ನು ತಿರುವನಂತಪುರದ ಬಳಿಯ ತುಂಬಾದಿಂದ ಹಾರಿಸಿದ್ದಕ್ಕೆ ಆ ಸಾಮೀಪ್ಯವೇ ಕಾರಣ. ಕೇರಳದ ಮಕ್ಕಳ ಪುಸ್ತಿಕೆಯಲ್ಲಿ ತುಂಬಾದ ಒಂದು ನಕ್ಷೆ ಇರಲಿ, ಲಂಡನ್ನಿನ ಬಾಗಿದ ಸೂಜಿ ಬೇಡ.

ಮೂರನೆಯ ಚಿತ್ರದಲ್ಲಿ ಭೂಮಿಯ ಉತ್ತರದ ಕಡೆಗೆ 'ದ' ಎಂದಿರುವುದು ಸರಿ. ಅಸಮಾನ ಧ್ರುವಗಳು ಪರಸ್ಪರ ಸೆಳೆಯುತ್ತವೆಂದು ಅದೇ ಪುಸ್ತಿಕೆಯಲ್ಲಿ ಕಲಿಸಿ, ಸೂಜಿಯ ಉತ್ತರ ತುದಿಯನ್ನು ಸೆಳೆಯುವ ಕಡೆಗೆ 'ಉ' ಎಂದು ಬರೆದರೆ ಬುದ್ಧಿವಂತ ಮಗು ಅಲ್ಲೇ ತಡೆದು ನಿಲ್ಲಿಸುತ್ತದೆ. ಆ ಚಿತ್ರದ ನಿಜವಾದ ತೊಂದರೆ ಬೇರೆಯದು. ಭೂಮಿಯ ಒಳಗೆ ಅಂಥ ದಂಡಕಾಂತವೇ ಇಲ್ಲ. ಕಬ್ಬಿಣವು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಕಾಂತತ್ವವನ್ನು ಕಳೆದುಕೊಳ್ಳುತ್ತದೆ. ಭೂಮಿಯ ಗರ್ಭದ ಉಷ್ಣತೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಲ್ಲಿ ಕರಗಿ ಹರಿಯುವ ಲೋಹದ ಚಲನೆಯಿಂದ ಹುಟ್ಟುವ ವಿದ್ಯುತ್ ಪ್ರವಾಹವೇ ಭೂಕಾಂತತ್ವಕ್ಕೆ ಕಾರಣ. ದಂಡಕಾಂತವನ್ನು ಗಟ್ಟಿ ಗೆರೆಯಲ್ಲಿ ಬರೆಯದೆ ಚುಕ್ಕಿಗೆರೆಯಲ್ಲಿ ಬರೆಸಿ, 'ಇಲ್ಲಿ ಹೀಗೊಂದು ಕಾಂತ ಇರುವಂತೆ ಭೂಮಿ ವರ್ತಿಸುತ್ತದೆ' ಎಂಬ ಒಂದು ಸಾಲನ್ನು ಕೆಳಗೆ ಸೇರಿಸಿ. ಅದು ಭೂಮಿಯ ಅಕ್ಷಕ್ಕಿಂತ ಸುಮಾರು 10 ಡಿಗ್ರಿಯಷ್ಟು ಓರೆಯಾಗಿರಲಿ. ಕಾಂತಧ್ರುವವನ್ನು ಕೆನಡಾದ ನೆಲದ ಮೇಲೆ ಚುಕ್ಕಿಯಿಟ್ಟು ತೋರಿಸಿದ ಹಳೆಯ ನಕ್ಷೆ ಸಿಕ್ಕಿದರೆ ಅದನ್ನು ಬಳಸಬೇಡಿ. ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ 1831ರಲ್ಲಿ ಅದನ್ನು ಅಲ್ಲಿ ಗುರುತಿಸಿದ್ದು ನಿಜ, ಆದರೆ ಆ ಬಿಂದು ಅಂದಿನಿಂದ ಸರಿಯುತ್ತಾ ಹೋಗಿ ಈಗ ಆರ್ಕ್ಟಿಕ್ ಸಾಗರದಲ್ಲಿ ಸೈಬೀರಿಯದ ದಿಕ್ಕಿನಲ್ಲಿದೆ.

ಇನ್ನು ಚಮಚದ ಚಿತ್ರ. ಹೊಳೆಯುವ ಚೌಕ ತಟ್ಟೆಯ ಮೇಲೆ ಸೂಜಿಗಲ್ಲಿನ ಚಮಚ ಇಟ್ಟಿರುವ ಆ ಫೋಟೋವನ್ನು 'ಎರಡು ಸಾವಿರ ವರ್ಷ ಹಳೆಯ ದಿಕ್ಸೂಚಿ' ಎಂಬ ಶೀರ್ಷಿಕೆಯಲ್ಲಿ ಎಲ್ಲೆಡೆಯೂ ಕಾಣುತ್ತೇವೆ. ಅದು ಅಗೆದು ತೆಗೆದ ವಸ್ತುವಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ವಾಂಗ್ ಚೊಂಗ್ ಎಂಬ ವಿದ್ವಾಂಸನ ಬರಹದಲ್ಲಿರುವ ಚಿಕ್ಕ ಉಲ್ಲೇಖವೊಂದನ್ನು ಆಧರಿಸಿ, ವಾಂಗ್ ಝೆನ್‌ಡುವೊ ಎಂಬ ಚೀನೀ ಸಂಶೋಧಕರು 1940ರ ದಶಕದಲ್ಲಿ ಮಾಡಿದ ಮರುರಚನೆ ಅದು. ಪ್ರಾಚೀನ ಕಾಲದ ಅಂಥ ಚಮಚದಿಕ್ಸೂಚಿ ಯಾವುದೂ ಇದುವರೆಗೆ ಸಿಕ್ಕಿಲ್ಲ. ಚಿತ್ರವನ್ನು ಉಳಿಸಿಕೊಳ್ಳುವುದಾದರೆ 'ಆಧುನಿಕ ಮರುರಚನೆ' ಎಂಬ ಮಾತು ಶೀರ್ಷಿಕೆಯಲ್ಲಿ ಇರಲೇಬೇಕು. ನನ್ನನ್ನು ಕೇಳಿದರೆ ಅದರ ಬದಲು ಚೀನೀ ವಿದ್ವಾಂಸ ಶೆನ್ ಕುವೊ 1088ರ ಸುಮಾರಿಗೆ ಬರೆದದ್ದನ್ನು ಚಿತ್ರಿಸಿ. ಸೂಜಿಗಲ್ಲಿಗೆ ಉಜ್ಜಿದ ಸೂಜಿಯನ್ನು ಒಂದೇ ಎಳೆಯ ರೇಷ್ಮೆ ನೂಲಿನಲ್ಲಿ, ಗಾಳಿಯಾಡದ ಸ್ಥಳದಲ್ಲಿ ತೂಗುಬಿಡುವುದು ಉತ್ತಮವೆಂದು ಆತ ಹೇಳಿದ್ದಾನೆ. ಸೂಜಿ ನೇರ ದಕ್ಷಿಣಕ್ಕೆ ನಿಲ್ಲದೆ ಸ್ವಲ್ಪ ಪೂರ್ವಕ್ಕೆ ವಾಲುತ್ತದೆಂದೂ ಗಮನಿಸಿದ್ದಾನೆ. ಇದಕ್ಕೆ ಲಿಖಿತ ಆಧಾರವಿದೆ, ಮಕ್ಕಳು ಮಾಡಿಯೂ ನೋಡಬಹುದು.

ನಮ್ಮ ಕಡಲಿನ ಇತಿಹಾಸದ ಚಿತ್ರಗಳಲ್ಲಿಯೂ ಇಂಥ ತಪ್ಪು ನುಸುಳುತ್ತದೆ. 1498ರಲ್ಲಿ ಕೋಝಿಕ್ಕೋಡಿಗೆ ಬಂದ ವಾಸ್ಕೋ ಡ ಗಾಮನ ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ತಳದ ದಿಕ್ಸೂಚಿ ಕಂಡರೆ ಆ ಚಿತ್ರವನ್ನು ಬಿಟ್ಟುಬಿಡಿ. ಉದ್ದನೆಯ ಪಾರದರ್ಶಕ ತಳದ ಮೇಲೆ ತಿರುಗುವ ಬಳೆಯಿರುವ ಆ ವಿನ್ಯಾಸ ಸ್ವೀಡನ್ನಿನಲ್ಲಿ 1930ರ ದಶಕದಲ್ಲಿ ರೂಪುಗೊಂಡದ್ದು. ಭಾರತೀಯ ನಾವಿಕರ 'ಮತ್ಸ್ಯಯಂತ್ರ'ದ ಬಣ್ಣಬಣ್ಣದ ಚಿತ್ರಗಳಿಗೂ ಇದೇ ಎಚ್ಚರ ಬೇಕು. ಹಿಂದೂ ಮಹಾಸಾಗರದ ನಾವಿಕರು ನೀರಿನಲ್ಲಿ ತೇಲುವ ಟೊಳ್ಳು ಕಬ್ಬಿಣದ ಮೀನನ್ನು ಬಳಸುತ್ತಾರೆಂದು ಬೈಲಕ್ ಅಲ್ ಕಿಬ್ಜಾಕಿ 1282ರಲ್ಲಿ ಅರಬಿಯಲ್ಲಿ ಬರೆದಿದ್ದಾನೆ. ಅಷ್ಟನ್ನು ಹೇಳಿ, ಚಿತ್ರಕ್ಕೆ 'ಕಲಾವಿದರ ಕಲ್ಪನೆ' ಎಂದು ಬರೆದರೆ ನಮ್ಮ ಕಡಲಿನ ಹೆಮ್ಮೆಯೂ ಉಳಿಯುತ್ತದೆ, ಮಕ್ಕಳಿಗೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ.

ನೀವು ಕೇಳದಿದ್ದರೂ, ಹೆಸರುಗಳ ಒಂದು ತೊಡಕನ್ನು ಹೇಳಬೇಕು. ಇಂಗ್ಲಿಷಿನಲ್ಲಿ ಕೈವಾರಕ್ಕೂ ದಿಕ್ಸೂಚಿಗೂ ಕಂಪಾಸ್ ಎಂಬ ಒಂದೇ ಹೆಸರು. ಆ ಹೆಸರಿನಲ್ಲಿ ಹುಡುಕಿದಾಗ ಎರಡೂ ಬರುತ್ತವೆ. ದಿಕ್ಸೂಚಿಯ ಪಾಠದಲ್ಲಿ ಪೆನ್ಸಿಲ್ ಸಿಕ್ಕಿಸಿದ ಕೈವಾರದ ಚಿತ್ರ ಅಚ್ಚಾದದ್ದನ್ನು ನಾನೇ ಕಂಡಿದ್ದೇನೆ. ನಮ್ಮ ಮಕ್ಕಳಿಗೆ ಮಲಯಾಳದ 'ವಡಕ್ಕುನೋಕ್ಕಿಯಂತ್ರಂ' ಎಂಬ ಸೊಗಸಾದ ಹೆಸರು ಕಿವಿಗೆ ಬಿದ್ದಿರುತ್ತದೆ. ಉತ್ತರವನ್ನು ನೋಡುವ ಯಂತ್ರವೆಂಬ ಅದರ ಅರ್ಥವನ್ನು ಚಿತ್ರದ ಪಕ್ಕದಲ್ಲಿ ಬರೆಯಿರಿ, ತುಳುವಿನ ಮೂಡಾಯಿ (ಪೂರ್ವ), ಪಡ್ಡಾಯಿ (ಪಶ್ಚಿಮ), ತೆನ್ಕಾಯಿ (ದಕ್ಷಿಣ), ಬಡಕಾಯಿ (ಉತ್ತರ)ಗಳನ್ನೂ ಸೇರಿಸಿರಿ. ಆದರೆ ಫೋಟೋದ ಒಳಗಿನ ಇಂಗ್ಲಿಷ್ ಅಕ್ಷರಗಳನ್ನು ಅಳಿಸಿ 'ಉ, ಪೂ, ದ, ಪ' ಎಂದು ತುಂಬಬೇಡಿ. ಮಗುವಿನ ಕೈಗೆ ಬರುವ ಉಪಕರಣದಲ್ಲಿ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ, ಝೆರಾಕ್ಸ್‌ನಲ್ಲಿ 'ಪೂ'ವಿನ ಕೊಂಬು ಮಸುಕಾದರೆ ಪೂರ್ವವೇ ಪಶ್ಚಿಮವಾಗಿಬಿಡುತ್ತದೆ. ಕನ್ನಡದ ಹೆಸರುಗಳನ್ನು ಚಿತ್ರದ ಹೊರಗಿನಿಂದ ಗೆರೆಯೆಳೆದು ಪೂರ್ತಿಯಾಗಿ ಬರೆಯುವುದೇ ಸುರಕ್ಷಿತ. ಹಾಗೆಯೇ, ಹುಡುಕಾಟದಲ್ಲಿ ಸಿಗುವ ಕೆಲವು ಅಂದದ ದಿಕ್ಸೂಚಿಗಳು ನಮಾಜಿನ ಕಿಬ್ಲಾವನ್ನು, ಅಂದರೆ ಮೆಕ್ಕಾದ ದಿಕ್ಕನ್ನು, ತೋರಿಸಲೆಂದು ಮಾಡಿದವು. ಅವುಗಳ ಬಳೆಯ ಅಂಕಿಗಳು ಸಾಮಾನ್ಯವಾಗಿ ಡಿಗ್ರಿಗಳಲ್ಲ, ಊರುಗಳ ಪಟ್ಟಿಯೊಂದಿಗೆ ಹೊಂದಿಸಿಕೊಳ್ಳುವ ಸಂಖ್ಯೆಗಳು. ಡಿಗ್ರಿಯ ಪಾಠಕ್ಕೆ ಅವನ್ನು ಬಳಸಬಾರದು.

ಚಿತ್ರ ಎಲ್ಲಿಂದ ಪಡೆಯಬೇಕೆಂಬ ಪ್ರಶ್ನೆಗೆ ಈಗ ಬರುತ್ತೇನೆ. ಅಂತರ್ಜಾಲದ ಮುಕ್ತ ಸಂಗ್ರಹಗಳಿಂದ ತೆಗೆದುಕೊಳ್ಳುವುದು ಸುಲಭ, ಆದರೆ ಅಲ್ಲಿ ಉಪಕರಣದ ಹೆಸರನ್ನೇ ತಪ್ಪಾಗಿ ಬರೆದಿರುವುದುಂಟು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿದ್ದರೆ ಅದು ಕೇಳುವಂತೆ ಫೋಟೋ ತೆಗೆದವರ ಹೆಸರನ್ನು ಹಾಕಬೇಕು. ಹಳೆಯ ಪುಸ್ತಕದ ರೇಖಾಚಿತ್ರವಾದರೆ ಚಿತ್ರಕಾರರು ತೀರಿಕೊಂಡು 60 ವರ್ಷ ಕಳೆದಿದೆಯೇ ಎಂದು ನೋಡಬೇಕು. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಚಿತ್ರಗಳನ್ನು ಈ ವಿಷಯಕ್ಕೆ ನಾನು ಸುತರಾಂ ಒಪ್ಪುವುದಿಲ್ಲ. ಮೊದಲ ನೋಟಕ್ಕೆ ಅವು ಬೆರಗುಗೊಳಿಸುತ್ತವೆ. ಎಣಿಸಿ ನೋಡಿದರೆ ಒಂದೇ ಅಕ್ಷರ ಎರಡು ಕಡೆ ಇರುತ್ತದೆ, ಡಿಗ್ರಿಯ ಗೀಟುಗಳು ಸಮನಾಗಿರುವುದಿಲ್ಲ, ಸೂಜಿಗೆ ಮೂರು ತುದಿಗಳಿರುತ್ತವೆ. ನಕ್ಷೆ ಬರೆಯುವವರನ್ನು ಕೂರಿಸಿ ರೇಖಾಚಿತ್ರ ಮಾಡಿಸುವುದು ಒಳ್ಳೆಯ ದಾರಿಯೇ, ಆದರೆ ಚಿತ್ರಕಾರರು ಅಂದಕ್ಕೋಸ್ಕರ ಭಾಗಗಳನ್ನು ಸೇರಿಸುತ್ತಾರೆ, ಬಿಡುತ್ತಾರೆ. ಸೂಜಿಯ ದಕ್ಷಿಣ ಭಾಗಕ್ಕೆ ತೂಕ ಸರಿದೂಗಿಸಲೆಂದು ಸುತ್ತಿದ ಚಿಕ್ಕ ತಂತಿಯನ್ನು ಕಸವೆಂದು ತಿಳಿದು ಬಿಟ್ಟ ಚಿತ್ರಗಳನ್ನು ನೋಡಿದ್ದೇನೆ.

ನಾನು ಸಲಹೆ ಕೊಡುವುದು ನಿಮ್ಮ ಶಾಲೆಯ ದಿಕ್ಸೂಚಿಯ ಫೋಟೋವನ್ನು ನೀವೇ ತೆಗೆದು, ಅದರ ಮೇಲೆ ಪಾರದರ್ಶಕ ಹಾಳೆಯಿಟ್ಟು ರೇಖಾಚಿತ್ರವನ್ನು ಬರೆಯುವುದನ್ನು. ಇಲ್ಲಿಯೂ ತಪ್ಪಾಗುವ ದಾರಿಗಳಿವೆ. ಕಬ್ಬಿಣದ ಚೌಕಟ್ಟಿನ ಡೆಸ್ಕಿನ ಮೇಲೆ, ಜ್ಯಾಮಿಟ್ರಿ ಬಾಕ್ಸಿನ ಪಕ್ಕದಲ್ಲಿ ಇಟ್ಟರೆ ಸೂಜಿ ದಾರಿತಪ್ಪುತ್ತದೆ. ಮೊಬೈಲ್ ಫೋನಿನ ಸ್ಪೀಕರಿನಲ್ಲಿಯೂ ಕಾಂತವಿರುವುದರಿಂದ ಫೋನನ್ನು ತೀರ ಹತ್ತಿರ ಹಿಡಿಯದೆ, ದೂರದಿಂದ ಹಿಗ್ಗಿಸಿ ತೆಗೆಯಬೇಕು. ನಮ್ಮ ಗುಡ್ಡಬಯಲುಗಳ ಕೆಂಪು ಮುರಕಲ್ಲಿನಲ್ಲಿ ಕಬ್ಬಿಣದ ಅಂಶವಿದೆಯಲ್ಲ, ಅದು ಸೂಜಿಯನ್ನು ಸೆಳೆಯದೇ ಎಂದು ಕೇಳುವವರಿದ್ದಾರೆ. ಅದರಲ್ಲಿರುವ ಕಬ್ಬಿಣದ ಸಂಯುಕ್ತಗಳು ಹೆಚ್ಚಾಗಿ ಬಹಳ ದುರ್ಬಲ ಕಾಂತತ್ವದವು. ಕಾಂಕ್ರೀಟಿನೊಳಗಿನ ಸರಳುಗಳಿಗೆ ಹೆದರಬೇಕಾದಷ್ಟು ಮುರಕಲ್ಲಿಗೆ ಹೆದರಬೇಕಾಗಿಲ್ಲ. ಕ್ಯಾಮೆರಾ ನೇರವಾಗಿ ಮೇಲಿರಲಿ. ಸೂಜಿ ತಳದಿಂದ ಸ್ವಲ್ಪ ಎತ್ತರದಲ್ಲಿರುವುದರಿಂದ ಓರೆಯಿಂದ ತೆಗೆದರೆ ಕೆಲವು ಡಿಗ್ರಿ ತಪ್ಪಾಗಿ ಕಾಣುತ್ತದೆ. ನೀರಿನಲ್ಲಿ ಸೂಜಿ ತೇಲಿಸುವ ಚಟುವಟಿಕೆಯ ಚಿತ್ರದಲ್ಲಿ ಸ್ಟೀಲ್ ಬೋಗುಣಿಯ ಬದಲು ಪ್ಲಾಸ್ಟಿಕ್ ಬೇಸಿನ್ ಇರಲಿ, ಸೂಜಿಯ ಕೆಳಗೆ ಅಡಿಕೆ ಹಾಳೆಯ ಚೂರು ಇರಲಿ. ಕೆಲವು ಬಗೆಯ ಸ್ಟೀಲ್ ಪಾತ್ರೆಗಳನ್ನು ಕಾಂತ ಹಿಡಿಯುತ್ತದೆ.

ಝೆರಾಕ್ಸ್ ಎಂದಿರಲ್ಲ, ಅದು ಬಹಳ ಮುಖ್ಯವಾದ ಮಾತು. 'ಕೆಂಪು ತುದಿ ಉತ್ತರ' ಎಂದು ಬರೆದು ಕಪ್ಪುಬಿಳುಪಿನಲ್ಲಿ ಕೊಟ್ಟರೆ ಎರಡು ತುದಿಗಳೂ ಒಂದೇ ಬೂದು ಬಣ್ಣವಾಗುತ್ತವೆ. ಎಲ್ಲ ದಿಕ್ಸೂಚಿಗಳಲ್ಲಿಯೂ ಉತ್ತರ ತುದಿ ಕೆಂಪಾಗಿರುವುದೂ ಇಲ್ಲ. ಆದ್ದರಿಂದ ಉತ್ತರ ತುದಿಯನ್ನು ಪೂರ್ತಿ ಕಪ್ಪು ಮಾಡಿ, ಇನ್ನೊಂದನ್ನು ಖಾಲಿ ಬಿಡಿ. ಯಾವುದು ಯಾವುದೆಂದು ಪ್ರತಿ ಚಿತ್ರದ ಕೆಳಗೂ ಬರೆಯಿರಿ.

ಮಕ್ಕಳು ಉತ್ತರವನ್ನು ಪರೀಕ್ಷಿಸಿಕೊಳ್ಳುವ ಪುಟದಲ್ಲಿ 'ಕಡಲು ಇರುವುದು ಪಶ್ಚಿಮಕ್ಕೆ' ಎಂಬ ಚಿತ್ರವನ್ನು ನೀವು ಖಂಡಿತ ಹಾಕುತ್ತೀರಿ. ಹಾಕಿ, ಆದರೆ ಕಡಲ ತೀರವನ್ನು ನೆಟ್ಟಗೆ ಉತ್ತರ ದಕ್ಷಿಣವಾಗಿ ಎಳೆಯಬೇಡಿ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮ್ಮ ತೀರ ವಾಯವ್ಯದ ಕಡೆಗೆ ಸುಮಾರು 20 ಡಿಗ್ರಿಯಷ್ಟು ಓರೆಯಾಗಿದೆ. ತೀರದಲ್ಲಿ ನಿಂತು ಅಲೆಗಳಿಗೆ ನೇರ ಮುಖಮಾಡಿದ ಮಗುವಿನ ದಿಕ್ಸೂಚಿ 270ರ ಬದಲು 250ರ ಆಸುಪಾಸನ್ನು ತೋರಿಸುತ್ತದೆ, ದಿಕ್ಸೂಚಿಯೇ ಸರಿ. ರಾತ್ರಿಯಾದರೆ ಧ್ರುವ ನಕ್ಷತ್ರವನ್ನು ದಿಗಂತದಿಂದ ಕೇವಲ 12ರಿಂದ 13 ಡಿಗ್ರಿ ಎತ್ತರದಲ್ಲಿ ಬರೆಯಿರಿ. ಯುರೋಪಿನ ಚಿತ್ರಗಳಲ್ಲಿರುವಂತೆ ನಡುಬಾನಿನ ಹತ್ತಿರ ಬರೆದರೆ ನಮ್ಮ ಮಕ್ಕಳಿಗೆ ಅದು ಎಂದೂ ಸಿಗದು.

ದೋಣಿಯ ದಿಕ್ಸೂಚಿಗೆ ಯಾವ ಚಿತ್ರವನ್ನೂ ಹುಡುಕುವ ಅಗತ್ಯವಿಲ್ಲ. ಮಂಜೇಶ್ವರದ ಮೀನುಗಾರಿಕಾ ಬಂದರಿಗೆ ಹೋಗಿ, ದೋಣಿಯವರ ಒಪ್ಪಿಗೆ ಕೇಳಿ, ಬಟ್ಟಲಿನ ಒಳಬದಿಯಲ್ಲಿರುವ ಗೆರೆ ಕಾಣುವಂತೆ ಮೇಲಿನಿಂದ ಫೋಟೋ ತೆಗೆಯಿರಿ. ಆ ಗೆರೆ ದೋಣಿಯ ಮೂತಿಯನ್ನು ಸೂಚಿಸುತ್ತದೆ. ಗೆರೆಯ ಎದುರು ತಟ್ಟೆಯ ಯಾವ ಅಂಕಿ ಬಂದಿದೆಯೋ ಅದೇ ದೋಣಿ ಮುಖಮಾಡಿರುವ ದಿಕ್ಕು. ಆ ಅಂಕಿಯನ್ನು ಅಲ್ಲೇ ಬರೆದುಕೊಂಡು ಬನ್ನಿ, ಚಿತ್ರದ ಕೆಳಗೆ ಹಾಕಲು ಬೇಕಾಗುತ್ತದೆ.